ಮೀಟಿಂಗ್ ರೂಮಿನ ಜೊಂಪು, ಏಸಿ ಕೆಳಗಿನ ನಡುಕ

ಕಚೇರಿಯ ಗಾಳಿ, ಬೆಳಕು, ಸದ್ದು, ಸೆಕೆಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಒಂದೇ ದೂರನ್ನು ಹಲವರು ಬರೆದಿದ್ದ ಕಡೆ ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ. ಬಹುಪಾಲು ಪತ್ರಗಳು ‘ಯಾವ ಯಂತ್ರ ಕೊಳ್ಳಬೇಕು’ ಎಂದು ಕೇಳುತ್ತವೆ. ನಾವು ಬಹುಪಾಲು ‘ಯಾವ ಹೊತ್ತಿಗೆ, ಯಾವ ಕುರ್ಚಿಯಲ್ಲಿ ಎಂದು ಮೊದಲು ನೋಡಿಕೊಳ್ಳಿ’ ಎನ್ನುತ್ತೇವೆ. ಬೇಸರಿಸಬೇಡಿ.

ಪ್ರಶ್ನೆ: ಬೆಳಿಗ್ಗೆ ಚೆನ್ನಾಗಿಯೇ ಇರುತ್ತೇನೆ. ಕಚೇರಿಗೆ ಬಂದು ಎರಡು ಗಂಟೆಯಾಗುವಷ್ಟರಲ್ಲಿ ತಲೆ ಭಾರ, ಕಣ್ಣುರಿ, ಗಂಟಲು ಒಣಗಿದಂತೆ. ಹೊರಬಿದ್ದ ಒಂದು ಗಂಟೆಗೆ ಎಲ್ಲ ಮಾಯ. ರಜೆಯ ದಿನ ಏನೂ ಇಲ್ಲ. ರಕ್ತ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಇದು ಕಟ್ಟಡದ ತೊಂದರೆಯೇ, ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಒಳಗಿದ್ದಾಗ ಕಾಡಿ, ಹೊರಗೆ ಹೋದ ಮೇಲೆ ತಾನಾಗಿ ಇಳಿಯುವ ಕಣ್ಣು, ಮೂಗು, ಗಂಟಲಿನ ಕಿರಿಕಿರಿ, ತಲೆನೋವು, ಸುಸ್ತು ಇವೆಲ್ಲ ಒಟ್ಟಾಗಿ ಬಂದರೆ ಅದಕ್ಕೆ ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎಂಬ ಹೆಸರಿದೆ. ಹೆಸರು ಕಟ್ಟಡದ್ದು, ನರಳಾಟ ಒಳಗಿದ್ದವರದು. ಈ ಮಾತು ಬಳಕೆಗೆ ಬಂದ ಹಿನ್ನೆಲೆಯನ್ನು ತಿಳಿದರೆ ಕಾರಣವೂ ಅರ್ಥವಾಗುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಕಟ್ಟಡಗಳ ಸಂದುಗೊಂದು ಮುಚ್ಚಿದರು, ಕಿಟಕಿಗಳನ್ನು ತೆರೆಯಲಾಗದಂತೆ ಮಾಡಿದರು. ಕಟ್ಟಡಗಳ ಗಾಳಿಯಾಟಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಶ್ರೇ ಸಂಸ್ಥೆಯ ಲೆಕ್ಕದಲ್ಲಿ ಒಬ್ಬರಿಗೆ ಕೊಡಬೇಕಾದ ಹೊರಗಾಳಿಯ ಕನಿಷ್ಠ ಪ್ರಮಾಣ ಸೆಕೆಂಡಿಗೆ ಸುಮಾರು 2.5 ಲೀಟರ್‌ವರೆಗೂ ಇಳಿದಿತ್ತು. ದೂರುಗಳು ಹೆಚ್ಚಿ, 1989ರಲ್ಲಿ ಅದೇ ಸಂಸ್ಥೆ ಕಚೇರಿಗಳಿಗೆ ಸುಮಾರು 10 ಲೀಟರ್ ಎಂದು ಏರಿಸಿತು.

ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಕಾಸು ಬೇಡ, ಒಂದು ಹಾಳೆ ಸಾಕು. ಹತ್ತು ಕೆಲಸದ ದಿನ ಬರೆದಿಡಿ: ತೊಂದರೆ ಶುರುವಾದ ಗಂಟೆ, ಆಗ ಕುಳಿತಿದ್ದ ಜಾಗ, ಏನು ಅನ್ನಿಸಿತು, ಸುತ್ತ ಏನು ನಡೆಯುತ್ತಿತ್ತು. ಅಕ್ಕಪಕ್ಕದ ನಾಲ್ಕೈದು ಜನರೂ ಒಬ್ಬರದನ್ನೊಬ್ಬರು ನೋಡದೆ ಬರೆದರೆ ಇನ್ನೂ ಒಳ್ಳೆಯದು. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಡಿ. ಇಡೀ ಮಹಡಿಗೆ ಮಧ್ಯಾಹ್ನದ ಹೊತ್ತಿಗೆ ಮಂಕು ಕವಿಯುತ್ತಿದ್ದರೆ ಹೊರಗಾಳಿ ಸಾಲುತ್ತಿಲ್ಲ. ಒಂದು ಸಾಲಿನವರಿಗೆ ಮಾತ್ರ ಆಗುತ್ತಿದ್ದರೆ ತಲೆ ಮೇಲಿನ ಗಾಳಿಕಿಂಡಿಯನ್ನೋ ಹತ್ತಿರದ ಪ್ರಿಂಟರನ್ನೋ ನೋಡಿ. ಸೋಮವಾರ ಬೆಳಿಗ್ಗೆಯೇ ಜಾಸ್ತಿ ಎಂದಾದರೆ ಎರಡು ದಿನ ಮುಚ್ಚಿಟ್ಟ ಕಟ್ಟಡದಲ್ಲಿ ಏನೋ ಕೂಡಿಕೊಂಡಿದೆ. ನೆಲ ಒರೆಸಿದ ಮೇಲೆ ಶುರುವಾದರೆ ಒರೆಸುವ ದ್ರಾವಣದ ಮೇಲೆ ಅನುಮಾನ ಪಡಿ. ಮಳೆಯ ವಾರದಲ್ಲಿ ಮಾತ್ರ ಆದರೆ ಬೂಷ್ಟು. ಕಟ್ಟಡ ನೋಡಿಕೊಳ್ಳುವವರ ಮುಂದೆ ‘ಗಾಳಿ ಸರಿಯಿಲ್ಲ’ ಎಂದರೆ ಕೇಳಿಸಿಕೊಳ್ಳುವುದಿಲ್ಲ. ‘ಕಿಟಕಿಯ ಎರಡನೇ ಸಾಲು, ಮಧ್ಯಾಹ್ನ 2ರ ಮೇಲೆ, ಹತ್ತು ದಿನದಲ್ಲಿ ಎಂಟು ದಿನ’ ಎಂದರೆ ಏಣಿ ತರುತ್ತಾರೆ.

ಒಂದು ಎಚ್ಚರಿಕೆ. ಜ್ವರ, ಬಿಡದ ಕೆಮ್ಮು, ಉಸಿರು ಕಟ್ಟುವುದು, ಹೊರಗೆ ಹೋದರೂ ಇಳಿಯದ ಲಕ್ಷಣ ಇದ್ದರೆ ಅದು ಬೇರೆಯೇ ವಿಷಯ, ಹಾಳೆ ಬಿಟ್ಟು ವೈದ್ಯರ ಹತ್ತಿರ ಹೋಗಿ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕಾಣಿಸಿಕೊಂಡು ‘ಲೀಜನೇರ್ಸ್ ರೋಗ’ ಎಂದು ಹೆಸರಾದ ನ್ಯುಮೋನಿಯಾ ಕಟ್ಟಡದಿಂದಲೇ ಬರುವಂಥದು. ಅದರ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆದು, ದೊಡ್ಡ ಏಸಿಗಳ ನೀರನ್ನು ತಣಿಸುವ ಕೂಲಿಂಗ್ ಟವರಿನ ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಮೀಟಿಂಗ್ ರೂಮಿಗೆ ಕಿಟಕಿಯಿಲ್ಲ. ಏಸಿ 22ರಲ್ಲಿ ಓಡುತ್ತಲೇ ಇರುತ್ತದೆ. ಆದರೂ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಆಕಳಿಕೆ. ಏಸಿ ಇದ್ದರೂ ಗಾಳಿ ಸಾಲದೇ?

ಉತ್ತರ: ಅತಿ ಹೆಚ್ಚು ಜನರಿಗಿರುವ ತಪ್ಪು ತಿಳಿವಳಿಕೆ ಇದು. ಗೋಡೆಗೆ ಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ಹೊರಗಿನ ಘಟಕಕ್ಕೂ ಒಳಗಿನದಕ್ಕೂ ನಡುವೆ ಹೋಗುವ ಕೊಳವೆಗಳಲ್ಲಿ ಓಡುವುದು ಶೀತಕ, ಗಾಳಿಯಲ್ಲ. ಛಾವಣಿಯ ಕ್ಯಾಸೆಟ್ ಏಸಿಯದೂ ಸಾಮಾನ್ಯವಾಗಿ ಇದೇ ಕತೆ, ಹೊರಗಾಳಿಯ ಡಕ್ಟನ್ನು ಬೇರೆಯಾಗಿ ಜೋಡಿಸಿದ್ದರೆ ಮಾತ್ರ ಹೊರತು.

ಲೆಕ್ಕ ಹಾಕಿ ನೋಡೋಣ. ಕುಳಿತು ಕೆಲಸ ಮಾಡುವ ವಯಸ್ಕರೊಬ್ಬರು ಗಂಟೆಗೆ ಹೆಚ್ಚುಕಡಿಮೆ 19 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಕೋಣೆ 5 ಮೀಟರ್ ಉದ್ದ, 4 ಅಗಲ, 2.8 ಎತ್ತರ ಎಂದಿಟ್ಟುಕೊಳ್ಳಿ: 56 ಘನ ಮೀಟರ್, ಅಂದರೆ 56,000 ಲೀಟರ್ ಗಾಳಿ. ಎಂಟು ಜನ ಕೂತರೆ ಗಂಟೆಗೆ 152 ಲೀಟರ್ ಸೇರುತ್ತದೆ. ಗಾಳಿ ಬದಲಾಗದಿದ್ದರೆ ಗಂಟೆಗೆ ಸುಮಾರು 2,700 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಏರಿಕೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಅರ್ಧ ಗಂಟೆಯಲ್ಲಿ 1,700 ದಾಟಿತು, ಅಲ್ಲಿಗೆ ನಿಮ್ಮ ಆಕಳಿಕೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. 1,700 ಪಿಪಿಎಂ ವಿಷವಲ್ಲ. ಎಂಟು ಗಂಟೆಯ ದುಡಿಮೆಗೆ ಹಲವು ದೇಶಗಳು ಇಟ್ಟ ಮಿತಿ 5,000. ಈ ಮಟ್ಟದ ಕಾರ್ಬನ್ ಡೈಆಕ್ಸೈಡ್ ಒಂದೇ ಬುದ್ಧಿಯನ್ನು ಮಂಕಾಗಿಸುತ್ತದೆಯೇ ಎಂಬ ಪ್ರಯೋಗಗಳ ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ. ಆದರೆ ಅದು ಒಳ್ಳೆಯ ಸೂಚಿ. ಅದು ಕೂಡಿಕೊಂಡಿದೆ ಎಂದರೆ ಮೈವಾಸನೆ, ಪೀಠೋಪಕರಣದ ಆವಿ, ಇನ್ನೊಬ್ಬರ ಉಸಿರಿನ ವೈರಾಣು ಎಲ್ಲವೂ ಕೂಡಿಕೊಂಡಿವೆ ಎಂದರ್ಥ. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಇದನ್ನು ಹೇಳಿ 1,000 ಪಿಪಿಎಂ ಎಂಬ ಗೆರೆ ಎಳೆದರು. ನಾವು ಇಂದಿಗೂ ಅದೇ ಗೆರೆಯ ಸುತ್ತ ಓಡಾಡುತ್ತಿದ್ದೇವೆ.

ತಲಾ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಕೊಟ್ಟರೆ ಕೋಣೆ 950ರ ಹತ್ತಿರ ನಿಲ್ಲುತ್ತದೆ. ಎಪ್ಪತ್ತರ ದಶಕದ 2.5 ಲೀಟರ್ ಕೊಟ್ಟರೆ 2,500ರ ಹತ್ತಿರ. ನಿಮ್ಮ ಎಂಟು ಜನಕ್ಕೆ ಬೇಕಾದ್ದು ಸೆಕೆಂಡಿಗೆ 80 ಲೀಟರ್, ಗಂಟೆಗೆ ಸುಮಾರು 290 ಘನ ಮೀಟರ್. ಹೊರಗೋಡೆ ಇದ್ದರೆ ಎಕ್ಸಾಸ್ಟ್ ಫ್ಯಾನ್ ಸಾಕು. ಡಬ್ಬಿಯ ಮೇಲಿನ ಸಂಖ್ಯೆ ಅಡೆತಡೆಯಿಲ್ಲದೆ ಓಡಿಸಿದಾಗಿನದು. ಜಾಲರಿ, ಪೈಪು ಸೇರಿದರೆ ಕುಗ್ಗುತ್ತದೆ. ಹಾಗಾಗಿ ಒಂದೂವರೆ ಪಟ್ಟು, ಅಂದರೆ 430ರ ಸುಮಾರಿನದನ್ನು ಆರಿಸಿ.

ಮುಕ್ಕಾಲು ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲು ದಾರಿ ಬೇಕು. ಬಾಗಿಲಿನ ಕೆಳಗೆ 2 ಸೆಂಟಿಮೀಟರ್ ಸಂದು ಬಿಟ್ಟಿದ್ದರೆ, 90 ಸೆಂಟಿಮೀಟರ್ ಅಗಲದ ಬಾಗಿಲಿಗೆ ಅದು 0.018 ಚದರ ಮೀಟರ್. ಅಷ್ಟರಲ್ಲಿ 80 ಲೀಟರ್ ನುಗ್ಗಬೇಕಾದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚಿನ ವೇಗ ಬೇಕು. ಬಾಗಿಲು ಸಿಳ್ಳೆ ಹೊಡೆಯುತ್ತದೆ, ಫ್ಯಾನ್ ಏದುಸಿರು ಬಿಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಬಾಗಿಲಿನ ಕೆಳಭಾಗದಲ್ಲಿ 40ಕ್ಕೆ 30 ಸೆಂಟಿಮೀಟರಿನ ಜಾಲರಿ ಕೂರಿಸಿದರೆ ವೇಗ ಒಂದು ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಒಳಬರುವುದು ಪಡಸಾಲೆಯ ಗಾಳಿ ಎಂಬುದನ್ನೂ ಮರೆಯಬೇಡಿ. ಅಲ್ಲೇ 1,200 ಇದ್ದರೆ ಇಷ್ಟೆಲ್ಲ ಮಾಡಿ ಉಪಯೋಗವಿಲ್ಲ.

ಕೆಲಸ ಮುಗಿಯುವವರೆಗೆ ತಾತ್ಕಾಲಿಕ ಉಪಾಯ: ಬಾಗಿಲು ತೆರೆದಿಡಿ, 40 ನಿಮಿಷಕ್ಕೆ ಸಭೆ ಮುರಿದು ಕೋಣೆ ಖಾಲಿ ಮಾಡಿ, ಒಂದು ಪೆಡೆಸ್ಟಲ್ ಫ್ಯಾನನ್ನು ಬಾಗಿಲಲ್ಲಿ ಹೊರಮುಖವಾಗಿ ಓಡಿಸಿ. ಗಂಟೆಗೆ ಐದು ಸಲ ಗಾಳಿ ಬದಲಾಗುವ ಖಾಲಿ ಕೋಣೆಯಲ್ಲಿ ಹೆಚ್ಚುವರಿ ಕಾರ್ಬನ್ ಡೈಆಕ್ಸೈಡ್ ಐದನೇ ಒಂದು ಪಾಲಿಗೆ ಇಳಿಯಲು 20 ನಿಮಿಷ ಸಾಕು.

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡೆವು. ಯಾರಾದರೂ ಸೆಂಟು ಹಾಕಿಕೊಂಡು ಬಂದರೆ 3,000 ತೋರಿಸುತ್ತದೆ! ಇನ್ನೊಂದು ವಿಭಾಗದವರ ಮೀಟರ್ ಸರಿಯಾಗಿತ್ತು, ಈಗ ದಿನೇದಿನೇ ಕಡಿಮೆ ತೋರಿಸುತ್ತಿದೆ.

ಉತ್ತರ: ಮೊದಲನೆಯದು ಕಾರ್ಬನ್ ಡೈಆಕ್ಸೈಡ್ ಮೀಟರೇ ಅಲ್ಲ. ಅಗ್ಗದ ಸಾಧನಗಳು ಆವಿಯಾಗುವ ರಾಸಾಯನಿಕಗಳನ್ನು ಅಳೆದು, ಅದರಿಂದ ಊಹಿಸಿದ ಸಂಖ್ಯೆಯನ್ನು ತೋರಿಸುತ್ತವೆ. ಸೆಂಟು, ಸ್ಯಾನಿಟೈಸರ್, ಮಾರ್ಕರ್ ಪೆನ್ ಎಲ್ಲಕ್ಕೂ ಬೆಚ್ಚುತ್ತವೆ. ಕೊಳ್ಳುವಾಗ ಎನ್‌ಡಿಐಆರ್ ಅಥವಾ ಫೋಟೋಅಕೂಸ್ಟಿಕ್ ಸೆನ್ಸರ್ ಎಂದು ಬರೆದಿದೆಯೇ ನೋಡಿ. ಇವು ಆ ಅನಿಲ ಹೀರುವ ಅತಿಗೆಂಪು ಬೆಳಕನ್ನೇ ಬಳಸಿ ಅಳೆಯುತ್ತವೆ.

ಎರಡನೆಯದಕ್ಕೆ ಕಾರಣ ಸ್ವಯಂ ಹೊಂದಾಣಿಕೆ. ಇಂಥ ಮೀಟರ್‌ಗಳು ಒಂದೆರಡು ವಾರದಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನು ‘ಇದೇ ಹೊರಗಾಳಿ, 400’ ಎಂದು ನಂಬಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ನಿಮ್ಮ ಕಚೇರಿ ಹಗಲೂ ರಾತ್ರಿ ಪಾಳಿಯದಾಗಿದ್ದು 700ಕ್ಕಿಂತ ಕೆಳಗೆ ಇಳಿಯದೇ ಇದ್ದರೆ, ಆ 700 ಕ್ರಮೇಣ 400 ಆಗಿಬಿಡುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೊರಗೆ ನೆರಳಿನಲ್ಲಿಡಿ, ಇಲ್ಲವೇ ಸೆಟ್ಟಿಂಗ್‌ನಲ್ಲಿ ಸ್ವಯಂ ಹೊಂದಾಣಿಕೆಯನ್ನು ನಿಲ್ಲಿಸಿ ಕೈಯಾರೆ ಹೊಂದಿಸಿ. ಒಳಗೆ ಇಡುವಾಗ ಕುಳಿತವರ ಮೂಗಿನ ಎತ್ತರ, ಅಂದರೆ ಒಂದು ಮೀಟರಿನಿಂದ ಒಂದೂವರೆ ಮೀಟರ್. ಯಾರಿಂದಲಾದರೂ ಒಂದು ಮೀಟರಿಗಿಂತ ದೂರ. ಮೇಜಿನ ಮೇಲೆ ಮುಖದೆದುರು ಇಟ್ಟರೆ ಅದು ಕೋಣೆಯನ್ನಲ್ಲ, ನಿಮ್ಮ ಉಸಿರನ್ನು ಅಳೆಯುತ್ತದೆ.

ಪ್ರಶ್ನೆ: ನಮ್ಮಲ್ಲಿ ನಿತ್ಯ ಜಗಳ. ಕಿಟಕಿ ಪಕ್ಕದವರಿಗೆ ಬೆವರು, ನಡುವೆ ಕೂತವರಿಗೆ ಶಾಲು. ಒಬ್ಬರು 18ಕ್ಕಿಳಿಸುತ್ತಾರೆ, ಇನ್ನೊಬ್ಬರು 27ಕ್ಕೇರಿಸುತ್ತಾರೆ. ಯಾವ ಡಿಗ್ರಿ ಸರಿ?

ಉತ್ತರ: ಎಲ್ಲರನ್ನೂ ಮೆಚ್ಚಿಸುವ ಡಿಗ್ರಿ ಇಲ್ಲ. ಡೆನ್ಮಾರ್ಕಿನ ಸಂಶೋಧಕ ಪಿ. ಓಲೆ ಫ್ಯಾಂಗರ್ ಕಟ್ಟಿದ, ಸೆಕೆ ಚಳಿಯ ಹಿತವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7730ಕ್ಕೆ ಆಧಾರವಾದ ಲೆಕ್ಕದ ಪ್ರಕಾರ ಎಲ್ಲ ಅತ್ಯುತ್ತಮವಾಗಿ ಹೊಂದಿಸಿದರೂ ನೂರಕ್ಕೆ ಐದು ಮಂದಿಗೆ ಸಮಾಧಾನವಿರದು. ಅವರ ಲೆಕ್ಕದಲ್ಲಿ ಆರು ಸಂಗತಿಗಳಿವೆ: ಗಾಳಿಯ ಉಷ್ಣತೆ, ಸುತ್ತಲ ಮೈಗಳಿಂದ ಬರುವ ವಿಕಿರಣ, ಗಾಳಿಯ ವೇಗ, ತೇವಾಂಶ, ದೇಹದ ಚಟುವಟಿಕೆ, ತೊಟ್ಟ ಬಟ್ಟೆ. ರಿಮೋಟಿನಲ್ಲಿ ನೀವು ಬದಲಿಸುತ್ತಿರುವುದು ಆರರಲ್ಲಿ ಒಂದನ್ನು.

ಕಿಟಕಿ ಪಕ್ಕದವರ ಸೆಕೆ ಗಾಳಿಯದಲ್ಲ, ಗಾಜಿನದು. ಗಾಳಿ 24 ಇದ್ದರೂ ಬಿಸಿಲು ಕಾಯಿಸಿದ ಗಾಜಿನ ಪಕ್ಕ ಸುತ್ತಲ ಮೈಗಳ ಸರಾಸರಿ 30 ಆಗಿದ್ದರೆ ದೇಹಕ್ಕೆ ಅನ್ನಿಸುವುದು ಎರಡರ ನಡುವಿನ 27. ಗಾಜಿಗೆ ಹೊರಗಿನಿಂದ ನೆರಳು ಕೊಡುವುದು ಅತ್ಯುತ್ತಮ. ಒಳಗಿನ ಪರದೆ ಅರ್ಧ ಕೆಲಸ ಮಾಡುತ್ತದೆ, ಏಕೆಂದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಮೇಜನ್ನು ಗಾಜಿನಿಂದ ಒಂದು ಮೀಟರ್ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ನಡುವೆ ಕೂತವರ ಚಳಿ ಬಹುಮಟ್ಟಿಗೆ ಕುತ್ತಿಗೆಯ ಮೇಲೆ ಬೀಳುವ ಗಾಳಿಯದು. ಅಂಗುಲದಗಲ ಟಿಶ್ಯೂ ಪಟ್ಟಿಯನ್ನು ಕುರ್ಚಿಯ ಬೆನ್ನಿನ ಮೇಲೆ ಹಿಡಿದು ನೋಡಿ. ಅದು ಬಿಡದೆ ಓಲಾಡುತ್ತಿದ್ದರೆ ಗಾಳಿ ನೇರ ನಿಮ್ಮ ಮೇಲೆ ಬರುತ್ತಿದೆ. 22–23 ಡಿಗ್ರಿಯಲ್ಲಿ ಸೆಕೆಂಡಿಗೆ 0.2 ಮೀಟರ್ ದಾಟಿದ ಗಾಳಿಯೇ ಕುಳಿತವರಿಗೆ ಕೊರೆಯುತ್ತದೆ. ಅದೇ ಗಾಳಿ 27ರಲ್ಲಿ ಹಿತ. ಛಾವಣಿಯ ಕಿಂಡಿಯಿಂದ ಬಂದ ತಣ್ಣನೆ ಗಾಳಿ ಛಾವಣಿಗೆ ಅಂಟಿಕೊಂಡು ದೂರ ಸಾಗಿ, ಬೆರೆತು, ಆಮೇಲೆ ಇಳಿಯಬೇಕು. ಫ್ಯಾನ್ ವೇಗ ತೀರಾ ಕಡಿಮೆ ಮಾಡಿದರೆ ಅದು ದೂರ ಹೋಗಲಾರದೆ ಕಲ್ಲಿನಂತೆ ನೇರ ಕೆಳಗೆ ಬೀಳುತ್ತದೆ. ಚಳಿಯೆಂದು ಫ್ಯಾನ್ ತಗ್ಗಿಸಿದ ದಿನವೇ ಇನ್ನಷ್ಟು ಚಳಿಯಾದರೆ ಇದೇ ಕಾರಣ. ಕಿಂಡಿಯ ರೆಕ್ಕೆಗಳನ್ನು ಅಡ್ಡಕ್ಕೆ ತಿರುಗಿಸಿ, ಫ್ಯಾನ್ ಮಧ್ಯಮಕ್ಕಿಡಿ, ಸೆಟ್ಟಿಂಗ್ ಎರಡು ಡಿಗ್ರಿ ಏರಿಸಿ. ಕಿಂಡಿಗೆ ರಟ್ಟು ಅಂಟಿಸುವ ಸಾಹಸ ಬೇಡ. ಆ ಗಾಳಿ ಮುಂದಿನ ಕಿಂಡಿಯಿಂದ ಹೆಚ್ಚಾಗಿ ನುಗ್ಗಿ ಇನ್ನೊಬ್ಬರಿಗೆ ಶಾಲು ಹೊದಿಸುತ್ತದೆ.

ಥರ್ಮೋಸ್ಟಾಟ್ ಎಲ್ಲಿದೆ ಎಂದೂ ನೋಡಿ. ಪ್ರಿಂಟರಿನ ಬಿಸಿಗಾಳಿಗೋ ಸಂಜೆ ಬಿಸಿಲಿಗೋ ಸಿಕ್ಕಿದ್ದರೆ ಅದು ಇಡೀ ಮಹಡಿಯನ್ನು ತಣ್ಣಗಾಗಿಸುತ್ತಲೇ ಇರುತ್ತದೆ. ಬಿಸಿಲು ತಾಗದ ಒಳಗೋಡೆಯ ಮೇಲೆ 1.2ರಿಂದ 1.5 ಮೀಟರ್ ಎತ್ತರ ಅದರ ಜಾಗ. 18ಕ್ಕಿಳಿಸಿದರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆಗೂ ಹೆಚ್ಚಿನ ಆಧಾರವಿಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಬದಲಾಗುತ್ತದೆ, ಅಷ್ಟರಲ್ಲಿ ಎಲ್ಲರೂ ನಡುಗುತ್ತಿರುತ್ತಾರೆ.

ನಮ್ಮ ಸಲಹೆ: ಇಡೀ ಮಹಡಿಗೆ 25–26, ಸೆಕೆ ಎನ್ನುವವರ ಮೇಜಿಗೆ ಒಂದು ಸಣ್ಣ ಫ್ಯಾನ್. ಸೆಕೆಂಡಿಗೆ 0.8 ಮೀಟರಿನ ಗಾಳಿ ಎರಡೂವರೆ ಮೂರು ಡಿಗ್ರಿ ತಂಪಿಗೆ ಸಮ. ಚಳಿಯಾಗುವವರಿಗೆ ತೆಳು ಸ್ವೆಟರ್ ಸುಮಾರು ಒಂದೂವರೆ ಡಿಗ್ರಿಯ ರಕ್ಷಣೆ ಕೊಡುತ್ತದೆ. ಶಾಲು ಹೊದ್ದವರನ್ನು ಗೇಲಿ ಮಾಡುವವರಿಗೆ ಇನ್ನೊಂದು ಮಾತು: ಕೂತು ಕೆಲಸ ಮಾಡುವಾಗ ದೇಹ ಉತ್ಪಾದಿಸುವ ಶಾಖ ಎಲ್ಲರದೂ ಒಂದೇ ಅಲ್ಲ. ಹಳೆಯ ಲೆಕ್ಕ ಸರಾಸರಿ ಗಂಡಸಿನ ಮೈಗೆ ಹೊಂದಿಸಿದ್ದು, ಅದು ಹೆಂಗಸರ ದೇಹಶಾಖವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸುತ್ತದೆ ಎಂದು 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು.

ಪ್ರಶ್ನೆ: ಸಂಜೆಯ ಹೊತ್ತಿಗೆ ಕಣ್ಣಲ್ಲಿ ಮರಳು ಸುರಿದಂತೆ. ಕನ್ನಡಕದ ನಂಬರ್ ಸರಿಯಿದೆ. ಸ್ಕ್ರೀನಿನದೇ ತಪ್ಪೇ?

ಉತ್ತರ: ಸ್ಕ್ರೀನಿಗಿಂತ ಹೆಚ್ಚು ತಪ್ಪು ರೆಪ್ಪೆಯದು. ಗಮನವಿಟ್ಟು ಓದುವಾಗ ನಾವು ರೆಪ್ಪೆ ಬಡಿಯುವುದು ಎಂದಿನ ಅರ್ಧಕ್ಕೂ ಇಳಿಯುತ್ತದೆ, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಆ ನಡುವೆ ಹರಿದು ಒಣಗುತ್ತದೆ. ಅದಕ್ಕೆ ಮುಖಕ್ಕೆ ಬಡಿಯುವ ಏಸಿ ಗಾಳಿ, ಶೇಕಡಾ 30ಕ್ಕಿಂತ ಕೆಳಗಿಳಿದ ತೇವಾಂಶ ಸೇರಿದರೆ ಮರಳು ಖಚಿತ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ. ತಲೆ ಎತ್ತಿ ನೋಡುವಂತಿದ್ದರೆ ಕಣ್ಣು ಅಗಲವಾಗಿ ತೆರೆದು ಹೆಚ್ಚು ಒಣಗುತ್ತದೆ. ದೂರ ಒಂದು ತೋಳಿನಷ್ಟು, 50ರಿಂದ 70 ಸೆಂಟಿಮೀಟರ್. ಇಪ್ಪತ್ತು ನಿಮಿಷಕ್ಕೊಮ್ಮೆ ಆರು ಮೀಟರ್ ಆಚೆಯ ಯಾವುದನ್ನಾದರೂ 20 ಸೆಕೆಂಡು ನೋಡಿ, ಆ ಹೊತ್ತಿನಲ್ಲಿ ನಾಲ್ಕು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ.

ತೇವಾಂಶ 40ರಿಂದ 60ರ ನಡುವೆ ಇದ್ದರೆ ಚೆನ್ನ. ಅದಕ್ಕೆಂದು ಮೇಜಿನ ಮೇಲೆ ಮಂಜು ಉಗುಳುವ ಪುಟ್ಟ ಯಂತ್ರ ಇಡುವವರು ಯೋಚಿಸಿ. ಅಲ್ಟ್ರಾಸಾನಿಕ್ ಯಂತ್ರ ನೀರಿನಲ್ಲಿದ್ದ ಖನಿಜವನ್ನೂ ಕೊಳೆಯನ್ನೂ ಹಾಗೆಯೇ ಗಾಳಿಗೆ ಬಿಡುತ್ತದೆ. ಕೀಬೋರ್ಡಿನ ಮೇಲೆ ಬಿಳಿ ಹುಡಿ ಕಂಡರೆ ಅದೇ ನಿಮ್ಮ ಶ್ವಾಸಕ್ಕೂ ಹೋಗುತ್ತಿದೆ. ಡಿಸ್ಟಿಲ್ಡ್ ನೀರು ಹಾಕಿ, ದಿನಾ ಚೆಲ್ಲಿ, ಒರೆಸಿ ಒಣಗಿಸುವ ಶಿಸ್ತು ಇಲ್ಲದಿದ್ದರೆ ಬೇಡ.

ಪ್ರಶ್ನೆ: ಹೊಸ ಎಲ್‌ಇಡಿ ದೀಪ ಹಾಕಿದ ಮೇಲೆ ಕೆಲವರಿಗೆ ತಲೆನೋವು. ದೀಪದ ಬಣ್ಣ ಕಾರಣವೇ?

ಉತ್ತರ: ಬಣ್ಣಕ್ಕಿಂತ ಮಿನುಗನ್ನು ಮೊದಲು ಪರೀಕ್ಷಿಸಿ. ಅಗ್ಗದ ಡ್ರೈವರ್ (ದೀಪಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗ) ಇರುವ ದೀಪ ವಿದ್ಯುತ್ತಿನ ಆವರ್ತನದ ಎರಡು ಪಟ್ಟು, ಅಂದರೆ 50 ಹರ್ಟ್ಸ್ ಜಾಲದಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕೆಲವರ ತಲೆಗೆ ತಾಗುತ್ತದೆ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ದೀಪ ತೆಗೆದು ನೋಡಿ. ಬೆಳಕು ಉಬ್ಬಿ ಇಳಿದಂತೆ ಕಂಡರೆ ಡ್ರೈವರ್ ಬದಲಿಸಿ. ಮಿನುಗಿಲ್ಲದಿದ್ದರೆ ಮುಂದಿನ ಅನುಮಾನ ಪ್ರಖರತೆ. ಮೇಜಿನ ಮೇಲೆ 500 ಲಕ್ಸ್ (ಬೀಳುವ ಬೆಳಕಿನ ಅಳತೆ) ಸಾಕು. ಅದಕ್ಕೆಂದು ಮಸುಕು ಹೊದಿಕೆಯಿಲ್ಲದ ದೀಪವನ್ನು ನೆತ್ತಿಯ ಮುಂದೆ ತೂಗುಹಾಕಿದರೆ ಲಕ್ಸ್ ಮೀಟರ್ ಮೆಚ್ಚುತ್ತದೆ, ಕಣ್ಣು ಮೆಚ್ಚುವುದಿಲ್ಲ. ಸ್ಕ್ರೀನು ಕಿಟಕಿಗೆ ಎದುರಾಗಿಯೂ ಬೇಡ, ಬೆನ್ನಾಗಿಯೂ ಬೇಡ. ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿ.

ಪ್ರಶ್ನೆ: ಹೊಸ ಕಚೇರಿ, ಹೊಸ ಮೇಜು, ಹೊಸ ಬಣ್ಣ. ಮೂಗು ಉರಿಯುವಷ್ಟು ವಾಸನೆ. ಎಷ್ಟು ದಿನದಲ್ಲಿ ಹೋಗುತ್ತದೆ? ರೂಮ್ ಫ್ರೆಶ್‌ನರ್ ಹಾಕುತ್ತಿದ್ದೇವೆ.

ಉತ್ತರ: ಫ್ರೆಶ್‌ನರ್ ಇವತ್ತೇ ನಿಲ್ಲಿಸಿ. ನಿಂಬೆ, ಪೈನ್ ಪರಿಮಳದ ರಾಸಾಯನಿಕಗಳು ಗಾಳಿಯಲ್ಲಿರುವ ಓಝೋನ್ ಜೊತೆ ಕೂಡಿ ಮತ್ತಷ್ಟು ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತವೆ. ಅಂದರೆ ಉರಿಗೆ ಇನ್ನಷ್ಟು ಉರಿ.

ಬಣ್ಣದ ಆವಿ ಕೆಲವು ವಾರದಲ್ಲಿ ಬಹುಪಾಲು ಹೋಗುತ್ತದೆ. ಮರದ ಹುಡಿ, ನಾರನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಮೇಜುಗಳದು ತಿಂಗಳುಗಟ್ಟಲೆಯ ವ್ಯವಹಾರ, ಏಕೆಂದರೆ ಅವುಗಳ ಅಂಟಿನಲ್ಲಿರುವ ಯೂರಿಯಾ ಫಾರ್ಮಾಲ್ಡಿಹೈಡ್ ತೇವಾಂಶ ತಾಗಿದಂತೆಲ್ಲ ನಿಧಾನ ಒಡೆಯುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಳಾಂಗಣಕ್ಕೆ ಹೇಳಿದ ಮಿತಿ ಅರ್ಧ ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ. ಮೇಜನ್ನು ಮಗುಚಿ ನೋಡಿ. ಮೇಲ್ಮೈಗೆ ಲ್ಯಾಮಿನೇಟ್ ಇರುತ್ತದೆ. ತಳಭಾಗ, ಕೇಬಲ್ಲಿಗೆ ಕೊರೆದ ತೂತು, ಗೋಡೆ ಕಡೆಯ ಅಂಚು ಬೆತ್ತಲೆ ಇರುತ್ತವೆ. ಆವಿ ಹೆಚ್ಚು ಬರುವುದು ಅಲ್ಲಿಂದ. ಆ ಅಂಚುಗಳಿಗೆ ಎಡ್ಜ್ ಬ್ಯಾಂಡ್ ಅಂಟಿಸಿ, ತೂತಿಗೆ ನೀರು ಆಧಾರದ ವಾರ್ನಿಷ್ ಎರಡು ಕೈ ಬಳಿದರೆ ಗಮನಾರ್ಹವಾಗಿ ತಗ್ಗುತ್ತದೆ.

ಜನ ಬರುವ ಮುಂಚೆ ಕಟ್ಟಡವನ್ನು ಗಾಳಿಯಲ್ಲಿ ತೊಳೆಯುವುದು ಇನ್ನೂ ಒಳ್ಳೆಯದು. ಲೀಡ್ ಎಂಬ ಹಸಿರು ಕಟ್ಟಡ ಮಾನದಂಡ ನೆಲದ ಒಂದು ಚದರ ಮೀಟರಿಗೆ ಸುಮಾರು 4,300 ಘನ ಮೀಟರ್ ಹೊರಗಾಳಿ ಹಾಯಿಸಿ ಎನ್ನುತ್ತದೆ. 100 ಚದರ ಮೀಟರಿನ ಕಚೇರಿಗೆ ಗಂಟೆಗೆ 2,000 ಘನ ಮೀಟರಿನ ಫ್ಯಾನ್ ಇದ್ದರೆ ಹಗಲೂ ರಾತ್ರಿ ಒಂಬತ್ತು ದಿನ. ಒಂದು ಭಾನುವಾರ ಕಿಟಕಿ ತೆರೆದಿಟ್ಟು ಕೈತೊಳೆದುಕೊಳ್ಳುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ನೋಡಲಿ. ಕೋಣೆಯನ್ನು ಕಾಯಿಸಿ ವಾಸನೆ ಓಡಿಸುವ ವಿಧಾನವನ್ನು ನಾವು ಶಿಫಾರಸು ಮಾಡುವುದಿಲ್ಲ. ಹೊರಬಿದ್ದ ಆವಿ ಪರದೆ, ಕಾರ್ಪೆಟ್ಟುಗಳಲ್ಲಿ ಇಂಗಿ ಮತ್ತೆ ಹೊರಬರುತ್ತದೆ.

ಪ್ರಶ್ನೆ: ಗಾಳಿ ಶುದ್ಧವಾಗಲು ಮೇಜಿಗೊಂದು ಗಿಡ ಇಟ್ಟಿದ್ದೇವೆ. ಸಾಕೇ, ಅಥವಾ ಪ್ಯೂರಿಫೈಯರ್ ಬೇಕೇ?

ಉತ್ತರ: ಗಿಡ ಕಣ್ಣಿಗೆ ತಂಪು, ಇರಲಿ. ಗಾಳಿಗೆ ಅದರ ಉಪಕಾರ ಇಲ್ಲವೆನ್ನುವಷ್ಟು ಕಡಿಮೆ. ಗಿಡ ಗಾಳಿ ಶುದ್ಧ ಮಾಡುತ್ತದೆ ಎನ್ನುವವರು ಹೆಸರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಕಟ್ಟಡದ ಸಾಮಾನ್ಯ ಗಾಳಿಯಾಟಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದು ಲೆಕ್ಕ ಕೊಟ್ಟಿತು. ಅಲ್ಲಿ ಕುರ್ಚಿ ಹಾಕಲು ಜಾಗವಿರದು.

ಪ್ಯೂರಿಫೈಯರ್ ಧೂಳಿಗೆ, ಹೊಗೆಗೆ, ವೈರಾಣು ಹೊತ್ತ ಹನಿಗಳಿಗೆ ನಿಜಕ್ಕೂ ಕೆಲಸ ಮಾಡುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಇಲ್ಲ. ನೋಡಬೇಕಾದ ಸಂಖ್ಯೆ ಒಂದೇ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಎಂಬ ಸಿಎಡಿಆರ್. ಕೋಣೆಯ ಗಾತ್ರವನ್ನು ಐದರಿಂದ ಗುಣಿಸಿ. 10 ಮೀಟರ್ ಉದ್ದ, 6 ಅಗಲ, 2.7 ಎತ್ತರಕ್ಕೆ 162 ಘನ ಮೀಟರ್, ಬೇಕಾದ್ದು 810. ಆದರೆ ಡಬ್ಬಿಯ ಮೇಲಿನ ಸಂಖ್ಯೆ ಗರಿಷ್ಠ ವೇಗದ್ದು. ಆ ಸದ್ದಿಗೆ ಎರಡನೇ ದಿನವೇ ಯಾರೋ ಅದನ್ನು ಕಡಿಮೆಗೆ ತಿರುಗಿಸುತ್ತಾರೆ, ಶುದ್ಧಿ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಒಂದು ಯಂತ್ರವನ್ನು ಕಿರುಚಿಸುವ ಬದಲು ಎರಡನ್ನು ಮಧ್ಯಮದಲ್ಲಿ ಓಡಿಸಿ. ಅಯಾನೈಸರ್ ಗುಂಡಿ ಇದ್ದರೆ ಆರಿಸಿಡಿ, ಓಝೋನ್ ಬಿಡುವ ಯಂತ್ರವನ್ನಂತೂ ಜನರಿರುವ ಕೋಣೆಗೆ ತರಲೇಬೇಡಿ. ಕೇಂದ್ರ ಏಸಿ ಇದ್ದರೆ ನುಣ್ಣನೆ ಕಣಗಳನ್ನೂ ಹಿಡಿಯುವ ಎಮ್‌ಇಆರ್‌ವಿ 13 ದರ್ಜೆಯ ಫಿಲ್ಟರ್ ಹಾಕಬಹುದೇ ಕೇಳಿ. ದಪ್ಪ ಫಿಲ್ಟರಿನ ಒತ್ತಡ ತಡೆಯದ ಹಳೆಯ ಫ್ಯಾನಿಗೆ ಹಾಕಿದರೆ ಗಾಳಿಯೇ ಕಡಿಮೆಯಾಗುತ್ತದೆ. ಫಿಲ್ಟರಿನ ಚೌಕಟ್ಟಿನ ಪಕ್ಕ ಬೆರಳು ತೂರುವ ಸಂದಿದ್ದರೆ ದರ್ಜೆ ಯಾವುದಾದರೂ ಒಂದೇ, ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಪ್ರಶ್ನೆ: ತೆರೆದ ಹಾಲಿನಲ್ಲಿ ನಲವತ್ತು ಜನ. ಗಲಾಟೆಯೇನೂ ಇಲ್ಲ, ಆದರೆ ಯಾರೋ ಫೋನಿನಲ್ಲಿ ಮಾತಾಡಿದರೆ ನನ್ನ ಕೆಲಸ ನಿಂತುಹೋಗುತ್ತದೆ.

ಉತ್ತರ: ಸದ್ದಿನ ಪ್ರಮಾಣವಲ್ಲ, ಅರ್ಥವಾಗುವ ಮಾತು ನಿಮ್ಮನ್ನು ಎಳೆಯುತ್ತಿದೆ. ಹಾಲು ತೀರಾ ನಿಶ್ಶಬ್ದವಾಗಿದ್ದರೆ ಹತ್ತು ಮೀಟರ್ ಆಚೆಯ ಮಾತೂ ಅಕ್ಷರಕ್ಷರ ಕೇಳಿಸುತ್ತದೆ. ಮೊದಲು ಛಾವಣಿಗೆ ಸದ್ದು ಹೀರುವ ಹಲಗೆ, ಆಮೇಲೆ ಮೇಜುಗಳ ನಡುವೆ ಒಂದೂವರೆ ಮೀಟರ್ ಎತ್ತರದ ಮೆತ್ತನೆ ತಡೆ, ಕೊನೆಗೆ 40ರಿಂದ 45 ಡೆಸಿಬೆಲ್‌ನ ಹಗುರ ಹಿನ್ನೆಲೆ ಸದ್ದು. ಈ ಕ್ರಮ ತಪ್ಪಿಸಿ ಹಿನ್ನೆಲೆ ಸದ್ದು ಒಂದನ್ನೇ ಹಾಕಿದರೆ ಗದ್ದಲದ ಮೇಲೆ ಗದ್ದಲ. ಕಾರ್ಪೆಟ್ ಹೆಜ್ಜೆ ಸದ್ದಿಗೆ ಮದ್ದು, ಮಾತಿಗೆ ಹೆಚ್ಚೇನೂ ಅಲ್ಲ. ಫೋನಿಗೆಂದು ಮುಚ್ಚಿದ ಗೂಡು ಇಡುವುದಾದರೆ ಅದಕ್ಕೂ ಫ್ಯಾನ್ ಬೇಕು. ಎರಡು ಘನ ಮೀಟರಿನ ಗೂಡಿನಲ್ಲಿ ಒಬ್ಬರು ಕೂತರೂ, ಗಾಳಿಯಿಲ್ಲದೆ ಹತ್ತು ನಿಮಿಷಕ್ಕೆ 1,500 ಪಿಪಿಎಂ ಸೇರಿಕೊಳ್ಳುತ್ತದೆ.

ಪ್ರಶ್ನೆ: ಸೋಮವಾರ ಬೆಳಿಗ್ಗೆ ಏಸಿ ಹಾಕಿದ ಕೂಡಲೇ ಒದ್ದೆ ಸಾಕ್ಸ್ ವಾಸನೆ. ಸ್ವಲ್ಪ ಹೊತ್ತಿಗೆ ಚರಂಡಿ ವಾಸನೆಯೂ ಸೇರುತ್ತದೆ. ಸರ್ವೀಸ್‌ನವರು ಬಂದು ಫಿಲ್ಟರ್ ತೊಳೆದು ಹೋದರು, ವಾಸನೆ ಹೋಗಲಿಲ್ಲ.

ಉತ್ತರ: ಎರಡು ವಾಸನೆ, ಎರಡು ಕಾರಣ. ಒದ್ದೆ ಸಾಕ್ಸ್ ವಾಸನೆ ಕಾಯಿಲಿನದು, ಅಂದರೆ ಏಸಿಯೊಳಗೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆ ಸುರುಳಿಯದು. ತಣ್ಣನೆ ಕಾಯಿಲಿನ ಮೇಲೆ ನೀರು ಹನಿಗಟ್ಟುತ್ತದೆ, ಫಿಲ್ಟರ್ ದಾಟಿದ ನುಣ್ಣನೆ ಧೂಳು ಅದಕ್ಕೆ ಅಂಟುತ್ತದೆ, ಶುಕ್ರವಾರ ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳಿಗೆ ಎರಡು ದಿನದ ಹಬ್ಬ. ಫಿಲ್ಟರ್ ತೆಗೆದು ಟಾರ್ಚ್ ಹಾಕಿ ನೋಡಿ: ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೂದು ಲೋಳೆ, ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಕಂಡರೆ ಫಿಲ್ಟರ್ ಎಷ್ಟು ತೊಳೆದರೂ ಅಷ್ಟೇ. ವಿದ್ಯುತ್ ಕಡಿದು, ಕಾಯಿಲನ್ನು ಸೌಮ್ಯ ಮಾರ್ಜಕ, ನೀರಿನಿಂದ ರೆಕ್ಕೆ ಬಾಗದಂತೆ ತೊಳೆಯಬೇಕು. ಬ್ಲೀಚ್ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ. ತಟ್ಟೆಗೆ ಒಂದು ಲೀಟರ್ ನೀರು ಸುರಿದು ನೋಡಿ, ಒಂದೆರಡು ನಿಮಿಷದಲ್ಲಿ ಪೂರ್ತಿ ಹರಿದುಹೋಗದಿದ್ದರೆ ಕೊಳವೆ ಕಟ್ಟಿದೆ ಅಥವಾ ತಟ್ಟೆಯ ಇಳಿಜಾರು ತಪ್ಪಿದೆ. ಇನ್ನು ಮೇಲೆ ಪ್ರತಿ ಸಂಜೆ ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನನ್ನು ಅರ್ಧ ಗಂಟೆ ಓಡಿಸಿ ಕಾಯಿಲ್ ಒಣಗಿಸಿ. ಇದನ್ನು ಜನ ಹೋದ ಮೇಲೆ ಮಾತ್ರ ಮಾಡಿ. ಹಗಲಿನಲ್ಲಿ ಕಂಪ್ರೆಸರ್ ನಿಂತಾಗಲೂ ಫ್ಯಾನ್ ಓಡುತ್ತಿದ್ದರೆ ಕಾಯಿಲಿನ ನೀರು ಮತ್ತೆ ಕೋಣೆಗೇ ಆವಿಯಾಗಿ ಬಂದು ಜಿಗುಟು ಹೆಚ್ಚುತ್ತದೆ. ಛಾವಣಿಯ ಹಲಗೆಯ ಮೇಲೆ ಕಂದು ಕಲೆ ಇದ್ದರೆ ಅದನ್ನೂ ಇದೇ ಸಲ ಬದಲಿಸಿ. ಒದ್ದೆಯಾದ ಹಲಗೆಯನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಮೇಲೆ ಬಣ್ಣ ಬಳಿದರೆ ಒಳಗೇ ಬೆಳೆಯುತ್ತದೆ.

ಚರಂಡಿ ವಾಸನೆಗೆ ಏಸಿ ನೆಪ ಮಾತ್ರ. ಶೌಚಾಲಯದ, ಪ್ಯಾಂಟ್ರಿಯ ನೆಲದ ಜಾಲರಿಯ ಕೆಳಗೆ ಯು ಆಕಾರದ ಬಾಗಿದ ಕೊಳವೆ ಇರುತ್ತದೆ. ಅದರಲ್ಲಿ ಸುಮಾರು 5 ಸೆಂಟಿಮೀಟರ್ ನಿಂತ ನೀರೇ ಚರಂಡಿ ಅನಿಲವನ್ನು ತಡೆಯುವ ಏಕೈಕ ಬಾಗಿಲು. ಬಳಸದ ಜಾಲರಿಯಲ್ಲಿ ಆ ನೀರು ಕೆಲವು ವಾರಗಳಲ್ಲಿ ಆರಿಹೋಗುತ್ತದೆ. ಸೋಮವಾರ ಎಕ್ಸಾಸ್ಟ್ ಫ್ಯಾನ್ ಹಾಕಿದ ಕೂಡಲೇ ಒಳಗಿನ ಒತ್ತಡ ತಗ್ಗಿ, ತೆರೆದ ಕೊಳವೆಯಿಂದ ಅನಿಲ ಎಳೆದುಕೊಂಡು ಬರುತ್ತದೆ. ಮಹಡಿಯಲ್ಲಿರುವ ನೆಲದ ಜಾಲರಿಗಳನ್ನೆಲ್ಲ ಎಣಿಸಿ. ಬೀರುವಿನ ಅಡಿ, ಪ್ರಿಂಟರಿನ ಹಿಂದೆ ಮರೆತುಹೋದ ಒಂದು ಖಂಡಿತ ಸಿಗುತ್ತದೆ. ಪ್ರತಿಯೊಂದಕ್ಕೂ ಒಂದು ಲೀಟರ್ ನೀರು ಸುರಿದು, ಮೇಲೆ ಎರಡು ಚಮಚ ಮಿನರಲ್ ಆಯಿಲ್ ಬಿಡಿ. ಎಣ್ಣೆಯ ಪದರ ನೀರು ಆರುವುದನ್ನು ಬಹಳ ನಿಧಾನಿಸುತ್ತದೆ. ಆ ನಂತರವೂ ವಾಸನೆ ಬಂದರೆ ಏಸಿಯ ನೀರು ಹೋಗುವ ಪೈಪು ಎಲ್ಲಿ ಸೇರುತ್ತದೆ ನೋಡಿ. ಅದನ್ನು ಬಾಗುಕೊಳವೆಯಿಲ್ಲದೆ ನೇರ ಚರಂಡಿಗೆ ಜೋಡಿಸಿದ್ದರೆ, ನಿಮ್ಮ ಏಸಿಯೇ ಅಲ್ಲಿಂದ ಉಸಿರಾಡುತ್ತಿದೆ.